ಗ್ಯಾಸಾ, ಇಂಡಕ್ಷನ್ನಾ, ರೈಸ್ ಕುಕ್ಕರಾ? ನಿಮ್ಮ ಮನೆ ಅಡುಗೆಗೆ ಯಾವುದು ಸರಿ

ಕಳೆದ ಎರಡು ಮೂರು ತಿಂಗಳಿಂದ ನನ್ನನ್ನು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಸಿಲಿಂಡರ್ ಬೇಗ ಖಾಲಿಯಾಗುತ್ತಿದೆ, ಇಂಡಕ್ಷನ್ ಒಲೆ ತಗೊಂಡುಬಿಡಲಾ? ಕೇಳಿದವರಲ್ಲಿ ಒಬ್ಬರ ಮನೆಗೆ ಗೃಹಜ್ಯೋತಿ ಇದೆ, ಹೇಗೂ ಕರೆಂಟ್ ಫ್ರೀ ಅಲ್ವಾ ಅನ್ನುವುದು ಅವರ ಲೆಕ್ಕ. ಇನ್ನೊಬ್ಬ ಪಿ.ಜಿ. ಬಿಟ್ಟು ಹೊಸದಾಗಿ ಬಾಡಿಗೆ ಮನೆ ಹಿಡಿದ ಹುಡುಗ. ಮತ್ತೊಬ್ಬರು ಹಾಸನದ ಕಡೆ ಹಳ್ಳಿಯವರು, ಮನೆಯಲ್ಲಿ ಏಳು ಜನ, ದಿನಾ ಎರಡು ಹೊತ್ತು ಮುದ್ದೆ. ಮೂವರಿಗೂ ಒಂದೇ ಉತ್ತರ ಹೇಳಿದರೆ ಇಬ್ಬರಿಗಾದರೂ ನಷ್ಟ ಗ್ಯಾರಂಟಿ. ಅದಕ್ಕೇ ಕೂತು ಲೆಕ್ಕ ಹಾಕಿದೆ, ಕೆಲವನ್ನು ನಮ್ಮ ಅಡುಗೆಮನೆಯಲ್ಲೇ ಮೀಟರ್ ನೋಡಿಕೊಂಡು ಮಾಡಿ ನೋಡಿದೆ.

ಮೊದಲು ಏನೇನು ನೋಡಬೇಕು

ಮೊದಲನೆಯದು ದುಡ್ಡು. ಆದರೆ ಸಿಲಿಂಡರಿಗೆ ಇಷ್ಟು, ಯುನಿಟ್ಟಿಗೆ ಇಷ್ಟು ಅಂತ ಬರೀ ಬೆಲೆ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಒಲೆಯಿಂದ ಹೊರಟ ಶಾಖದಲ್ಲಿ ಅನ್ನಕ್ಕೆ ಮುಟ್ಟಿದ್ದೆಷ್ಟು, ಗಾಳಿಗೆ ಹೋಗಿದ್ದೆಷ್ಟು ಅನ್ನುವುದನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಎರಡನೆಯದು ನಿಮ್ಮ ಮನೆಯ ಊಟ. ಅನ್ನ, ಸಾರು, ಪಲ್ಯದ ಮನೆಗೂ ಜೋಳದ ರೊಟ್ಟಿ ಮನೆಗೂ ಮುದ್ದೆ ಮನೆಗೂ ಒಲೆಯಿಂದ ಬೇಕಾಗಿರುವುದು ಬೇರೆ ಬೇರೆ. ಮೂರನೆಯದು ವೈರಿಂಗ್ ಮತ್ತು ಕರೆಂಟ್ ಹೋಗುವ ಹೊತ್ತು. ನಾಲ್ಕನೆಯದು ಈಗಲೇ ಕೈಯಿಂದ ಹೋಗುವ ದುಡ್ಡು, ಅದರಲ್ಲಿ ಒಲೆಯ ಬೆಲೆಯ ಜೊತೆ ಹೊಸ ಪಾತ್ರೆಗಳ ಬೆಲೆಯೂ ಸೇರಬೇಕು. ಕೊನೆಯದು, ಯಾರೂ ಕೇಳದೇ ಇರುವುದು: ಒಲೆ ಮುಂದೆ ನಿಲ್ಲುವವರು ಯಾರು, ಅವರಿಗೆ ಯಾವುದು ಹಗುರ? ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳದೆ ಒಲೆ ಬದಲಿಸಿದ ಮನೆಗಳಲ್ಲಿ ಹೊಸ ಒಲೆ ಅಟ್ಟ ಸೇರಿದ್ದನ್ನು ನಾನೇ ನೋಡಿದ್ದೇನೆ.

ರೂಪಾಯಿ ಲೆಕ್ಕ

ಮನೆ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಅದನ್ನು ಪೂರ್ತಿ ಉರಿಸಿದರೆ ಸಿಗುವ ಶಾಖವನ್ನು ಕರೆಂಟಿನ ಯುನಿಟ್ ಲೆಕ್ಕಕ್ಕೆ ತಂದರೆ ಸುಮಾರು 180 ಯುನಿಟ್. ಐ.ಎಸ್.ಐ. ಗುರುತಿನ ಒಲೆ ಪರೀಕ್ಷೆಯಲ್ಲಿ ಇದರ ಶೇ 68ರಷ್ಟನ್ನಾದರೂ ಪಾತ್ರೆಗೆ ಮುಟ್ಟಿಸಬೇಕು. ಮನೆಯಲ್ಲಿ ಅಷ್ಟು ಸಿಗುವುದಿಲ್ಲ, ಕಿಟಕಿ ಗಾಳಿ, ಕಸ ಕಟ್ಟಿದ ಬರ್ನರ್, ಸಣ್ಣ ಪಾತ್ರೆ ಎಲ್ಲ ಸೇರಿ ಶೇ 60 ಸಿಕ್ಕರೆ ದೊಡ್ಡದು. ಅಂದರೆ ಒಂದು ಸಿಲಿಂಡರಿನಿಂದ ಅಡುಗೆಗೆ ಮುಟ್ಟುವುದು 108 ಯುನಿಟ್ ಶಾಖ. ಲೆಕ್ಕ ಸುಲಭವಾಗಲಿ ಅಂತ ಸಿಲಿಂಡರಿಗೆ 900 ರೂಪಾಯಿ ಹಿಡಿಯೋಣ. ಒಂದು ಯುನಿಟ್ ಉಪಯೋಗದ ಶಾಖಕ್ಕೆ 8 ರೂಪಾಯಿ 30 ಪೈಸೆ ಆಯಿತು.

ಈಗ ಇಂಡಕ್ಷನ್. ಇದರಲ್ಲಿ ಒಲೆ ಬಿಸಿಯಾಗಿ ಪಾತ್ರೆಯನ್ನು ಬಿಸಿ ಮಾಡುವುದಲ್ಲ, ಗಾಜಿನ ಕೆಳಗಿರುವ ತಾಮ್ರದ ಸುರುಳಿ ಪಾತ್ರೆಯ ತಳದಲ್ಲೇ ಶಾಖ ಹುಟ್ಟಿಸುತ್ತದೆ. ಹಾಗಾಗಿ ಪೋಲು ಕಡಿಮೆ, ಸುಮಾರು ಶೇ 85 ಪಾತ್ರೆಗೇ ಸೇರುತ್ತದೆ. ಕರೆಂಟಿಗೆ ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯುನಿಟ್ಟಿಗೆ 7 ರೂಪಾಯಿ ಹಿಡಿದರೆ ಉಪಯೋಗದ ಶಾಖಕ್ಕೆ 8 ರೂಪಾಯಿ 25 ಪೈಸೆ.

ನೋಡಿದಿರಾ? ಐದು ಪೈಸೆ ವ್ಯತ್ಯಾಸ. ಈ ಲೆಕ್ಕ ಮೊದಲ ಸಲ ಹಾಕಿದಾಗ ನಾನು ಎಲ್ಲೋ ತಪ್ಪಿದೆ ಅಂದುಕೊಂಡು ಎರಡು ಸಲ ತಿರುಗಿ ಹಾಕಿದೆ. ನಿಮ್ಮ ಊರಿನ ಸಿಲಿಂಡರ್ ಬೆಲೆಯನ್ನು 108ರಿಂದ ಭಾಗಿಸಿ, ನಿಮ್ಮ ಕರೆಂಟ್ ದರವನ್ನು 0.85ರಿಂದ ಭಾಗಿಸಿ. ಯಾವುದು ಕಡಿಮೆ ಬಂತೋ ಅದು ಅಗ್ಗ. ಪೈಪಿನಲ್ಲಿ ಗ್ಯಾಸ್ ಬರುವ ಮನೆಯವರು ಬಿಲ್ಲಿನಲ್ಲಿರುವ ಒಂದು ಘನ ಮೀಟರಿನ ದರವನ್ನು 6ರಿಂದ ಭಾಗಿಸಿಕೊಳ್ಳಿ, ಒಂದು ಘನ ಮೀಟರಿನಲ್ಲಿ ಸುಮಾರು 10 ಯುನಿಟ್ ಶಾಖ ಇರುತ್ತದೆ, ಪಾತ್ರೆಗೆ ಸೇರುವುದು 6.

ಉಜ್ವಲಾ ಸಂಪರ್ಕ ಇದ್ದು ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಬರುವ ಮನೆಯಾದರೆ ಲೆಕ್ಕ ಪೂರ್ತಿ ಬೇರೆ. 600 ರೂಪಾಯಿಗೆ 108 ಯುನಿಟ್, ಅಂದರೆ ಐದೂವರೆ ರೂಪಾಯಿ ಚಿಲ್ಲರೆ. ಅಂಥ ಮನೆಯವರು ದುಡ್ಡು ಉಳಿಸುವುದಕ್ಕೆ ಅಂತ ಇಂಡಕ್ಷನ್ ಕೊಳ್ಳುವುದು ಬೇಡವೇ ಬೇಡ, ಸಬ್ಸಿಡಿಯ ಸಿಲಿಂಡರ್ ಸಿಗುವವರೆಗೂ ಗ್ಯಾಸೇ ಇರಲಿ.

ಗೃಹಜ್ಯೋತಿ ಇರುವವರು ಇದನ್ನು ತಪ್ಪದೆ ಓದಿ

"ಕರೆಂಟ್ ಫ್ರೀ" ಅನ್ನುವ ಮಾತಿನಲ್ಲೇ ಜಾಸ್ತಿ ಜನ ಎಡವುವುದು. 2023ರಲ್ಲಿ ಯೋಜನೆ ಶುರುವಾದಾಗಿನಿಂದ ಎಲ್ಲರಿಗೂ 200 ಯುನಿಟ್ ಉಚಿತ ಅನ್ನುವ ನಂಬಿಕೆ ಗಟ್ಟಿಯಾಗಿಬಿಟ್ಟಿದೆ. ಹಾಗಿಲ್ಲ. ನಿಮ್ಮ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿದ್ದು ನಿಮ್ಮ ಮಿತಿ (ತೀರಾ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಶೇ 10ರ ಬದಲು 10 ಯುನಿಟ್). ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯುನಿಟ್ಟಿಗೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಒಂದು ಸಿಲಿಂಡರ್ 45 ದಿನ ಬರುವ ಮನೆ ತಗೊಳ್ಳಿ. ಅಲ್ಲಿಯ ಅಡುಗೆಯೆಲ್ಲ ಇಂಡಕ್ಷನ್ನಿಗೆ ಬಂದರೆ ತಿಂಗಳಿಗೆ ಸುಮಾರು 85 ಯುನಿಟ್ ಜಾಸ್ತಿ ಬೀಳುತ್ತದೆ. ಆ ಮನೆ ಈಗ 130 ಯುನಿಟ್ ಬಳಸಿಕೊಂಡು ಸೊನ್ನೆ ಬಿಲ್ ತಗೊಳ್ಳುತ್ತಿದ್ದರೆ ಒಟ್ಟು 215 ಆಯಿತು. ಸಿಲಿಂಡರಿನ ಮೂರನೇ ಎರಡು ಪಾಲು, ಅಂದರೆ 600 ರೂಪಾಯಿ ಉಳಿಸುವುದಕ್ಕೆ ಹೋಗಿ 1500 ರೂಪಾಯಿ ಬಿಲ್ ತಂದುಕೊಂಡ ಹಾಗೆ. ಈಗ 60 ಯುನಿಟ್ ಬಳಸುವ ಸಣ್ಣ ಮನೆಯಾದರೆ 145 ಆಗುತ್ತದೆ, ಮಿತಿ 66 ಇದ್ದರೆ ಮೇಲಿನ 79 ಯುನಿಟ್ಟಿಗೆ ಸುಮಾರು 550 ರೂಪಾಯಿ. ಗ್ಯಾಸಿನಲ್ಲಿ ಉಳಿದ 600ರಲ್ಲಿ ಐವತ್ತು ರೂಪಾಯಿ ಕೈಯಲ್ಲಿ ಉಳಿಯಿತು, ಅದೂ ಒಲೆ ಮತ್ತು ಪಾತ್ರೆಗೆ ಸಾವಿರಾರು ಹಾಕಿದ ಮೇಲೆ.

ಹಾಗಾದರೆ ಗೃಹಜ್ಯೋತಿ ಮನೆಗೆ ಇಂಡಕ್ಷನ್ ದಂಡವಾ? ಅಲ್ಲ. ನಿಮ್ಮ ಮಿತಿಗೂ ನೀವು ನಿಜವಾಗಿ ಬಳಸುವುದಕ್ಕೂ ಮಧ್ಯೆ ಜಾಗ ಉಳಿದಿದೆಯಾ ನೋಡಿ. ಮಗ ಓದುವುದಕ್ಕೆ ಬೇರೆ ಊರಿಗೆ ಹೋಗಿದ್ದಾನೆ, ಬಲ್ಬೆಲ್ಲ ಎಲ್‌ಇಡಿ ಆಗಿದೆ, ಮಿತಿ 110 ಇದ್ದರೂ ಬಳಕೆ 80ಕ್ಕೆ ಇಳಿದಿದೆ ಅನ್ನಿ. ಆ 30 ಯುನಿಟ್ ಸುಮ್ನೆ ಹೋಗುತ್ತಿದೆ. ದಿನಕ್ಕೆ ಒಂದು ಯುನಿಟ್ಟಿನಂತೆ ಬೆಳಗಿನ ಹಾಲು, ಅನ್ನ, ಬೇಳೆ ಇಂಡಕ್ಷನ್ನಿನಲ್ಲಿ ಮಾಡಿದರೆ ತಿಂಗಳಿಗೆ ಹೆಚ್ಚುಕಡಿಮೆ 200 ರೂಪಾಯಿಯ ಗ್ಯಾಸ್ ಉಳಿಯುತ್ತದೆ. ಬಿಲ್ ಆಗಲೂ ಸೊನ್ನೆ. ಇಂಥ ಮನೆಗೆ ನಾನು ಕಣ್ಣು ಮುಚ್ಚಿ ಒಂದು ಇಂಡಕ್ಷನ್ ತಗೊಳ್ಳಿ ಅನ್ನುತ್ತೇನೆ. ನಿಮ್ಮ ಮಿತಿ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಮೊದಲು ಹಳೇ ಬಿಲ್ಲುಗಳನ್ನು ಹುಡುಕಿ, ಆಮೇಲೆ ಅಂಗಡಿಗೆ ಹೋಗಿ.

ಗ್ಯಾಸ್ ಒಲೆ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋರುತ್ತದೆ

ಜೋಳದ ರೊಟ್ಟಿ, ಫುಲ್ಕ, ಸುಟ್ಟ ಬದನೆಕಾಯಿ, ಹಪ್ಪಳ. ಇದಕ್ಕೆಲ್ಲ ಬೆಂಕಿಯೇ ಬೇಕು. ತಳ ದುಂಡಗಿರುವ ಬಾಣಲೆಯಲ್ಲಿ ಒಗ್ಗರಣೆ ಹಾಕುವುದು, ಕರಿಯುವುದು ಗ್ಯಾಸಿನಲ್ಲೇ ಸಲೀಸು. ಕರೆಂಟ್ ಹೋದರೂ ಊಟ ನಿಲ್ಲುವುದಿಲ್ಲ. ಅಲ್ಯೂಮಿನಿಯಂ, ಹಿಂಡಾಲಿಯಂ, ಹಿತ್ತಾಳೆ, ಮಣ್ಣಿನ ಮಡಕೆ, ಯಾವುದನ್ನಿಟ್ಟರೂ ನಡೆಯುತ್ತದೆ.

ಸೋರುವುದೆಲ್ಲಿ ಅಂತ ನೋಡಬೇಕಾದರೆ ನಾಳೆ ಬೆಳಿಗ್ಗೆ ಟೀ ಇಡುವಾಗ ಸ್ವಲ್ಪ ಬಗ್ಗಿ ಪಾತ್ರೆಯ ತಳ ನೋಡಿ. ನಮ್ಮ ಮನೆಯಲ್ಲಿ ಎರಡು ಲೋಟದ ಪುಟ್ಟ ಟೀ ಪಾತ್ರೆ ಯಾವಾಗಲೂ ದೊಡ್ಡ ಬರ್ನರ್ ಮೇಲೇ ಕೂರುತ್ತಿತ್ತು, ಯಾಕೆಂದರೆ ಅದು ಬಲಗೈಗೆ ಹತ್ತಿರ. ನೀಲಿ ಉರಿ ತಳ ದಾಟಿ ಸುತ್ತಲೂ ಹೂವಿನ ದಳದ ಹಾಗೆ ಮೇಲಕ್ಕೆ ಬಂದಿರುತ್ತಿತ್ತು. ಹಿಡಿಯ ಪ್ಲಾಸ್ಟಿಕ್ಕು ಬುಡದಲ್ಲಿ ಕರಗಿ ಕಪ್ಪಾಗಿತ್ತು, ಮಸಿಬಟ್ಟೆ ಇಲ್ಲದೆ ಮುಟ್ಟುವ ಹಾಗಿರಲಿಲ್ಲ. ಹಿಡಿ ಸುಡುತ್ತಿದೆ ಅಂದರೆ ಗ್ಯಾಸ್ ಹಿಡಿಯನ್ನು ಬೇಯಿಸುತ್ತಿದೆ ಅಂತಲೇ ಅರ್ಥ. ಹೀಗೆ ಉರಿ ಹೊರಗೆ ಹೋದಾಗ ಪಾತ್ರೆಗೆ ಸಿಗುವುದು ಶೇ 40ಕ್ಕೂ ಇಳಿಯಬಹುದು, ಆಗ 8 ರೂಪಾಯಿಯ ಶಾಖಕ್ಕೆ 12 ಕೊಟ್ಟ ಹಾಗೆ. ಈಗ ಟೀ ಪಾತ್ರೆಗೆ ಸಣ್ಣ ಬರ್ನರ್ ಅಂತ ಕಟ್ಟುನಿಟ್ಟು ಮಾಡಿದ್ದೇವೆ. ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಉರಿ ಹಳದಿಯಾಗಿ, ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ತೂತು ಕಟ್ಟಿದೆ. ಹಿತ್ತಾಳೆಯ ತಲೆ ತೆಗೆದು ಬಿಸಿನೀರು, ಹುಣಸೆಹಣ್ಣು ಹಾಕಿ ತಿಕ್ಕಿ, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ಪೂರ್ತಿ ಒಣಗಿಸಿ ಇಡಿ.

ಇಂಡಕ್ಷನ್: ಒಳ್ಳೆಯದು, ಆದರೆ ಎಲ್ಲದಕ್ಕೂ ಅಲ್ಲ

ಕೊಳ್ಳುವ ಮೊದಲು ಫ್ರಿಜ್ ಬಾಗಿಲ ಮೇಲಿನ ಮ್ಯಾಗ್ನೆಟ್ ಒಂದನ್ನು ಕಿತ್ತುಕೊಂಡು ಅಡುಗೆಮನೆಯ ಪಾತ್ರೆಗಳ ತಳಕ್ಕೆಲ್ಲ ಹಚ್ಚಿ ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ನಡೆಯುತ್ತದೆ. ಕಬ್ಬಿಣದ ದೋಸೆ ಕಾವಲಿ ಅಂಟುತ್ತದೆ, ಹಿಂಡಾಲಿಯಂ ಇಡ್ಲಿ ಪಾತ್ರೆ ಅಂಟುವುದಿಲ್ಲ, ಹಳೇ ಅಲ್ಯೂಮಿನಿಯಂ ಕುಕ್ಕರ್ ಅಂಟುವುದಿಲ್ಲ. ಸ್ಟೀಲಿನಲ್ಲಿ ಕೆಲವು ಅಂಟುತ್ತವೆ, ಕೆಲವು ಇಲ್ಲ. ಎರಡು ಸಾವಿರದ ಒಲೆ ತಂದು, ಅದಕ್ಕೆ ಕುಕ್ಕರ್, ಇಡ್ಲಿ ಪಾತ್ರೆ, ಚಪ್ಪಟೆ ತಳದ ಬಾಣಲೆ ಅಂತ ಐದಾರು ಸಾವಿರ ಸುರಿದ ಮೇಲೆ ಉಳಿತಾಯ ಎಲ್ಲಿಂದ ಬರಬೇಕು?

ಸಾಕೆಟ್ ನೋಡಿ. ಅಡುಗೆಮನೆಯ ಸಣ್ಣ ಸಾಕೆಟ್ 6 ಆಂಪಿಯರಿನದು, ಅದು ತಡೆಯುವುದು ಸುಮಾರು 1380 ವ್ಯಾಟ್. 2000 ವ್ಯಾಟಿನ ಒಲೆಗೆ 16 ಆಂಪಿಯರಿನ ದಪ್ಪ ಸಾಕೆಟ್ ಬೇಕು, ಅದರ ಹಿಂದಿನ ವೈರೂ ಅಷ್ಟೇ ದಪ್ಪ ಇರಬೇಕು. ದಪ್ಪ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಚುಚ್ಚುವುದು ಬೇಡ, ಪ್ಲಗ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಹಳೇ ಬಾಡಿಗೆ ಮನೆಯಾದರೆ ಎಲೆಕ್ಟ್ರಿಷಿಯನ್ನನ್ನು ಒಮ್ಮೆ ಕರೆಸಿ ತೋರಿಸಿ. ಮನೆಯ ಸಾಧಾರಣ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ, ಕರೆಂಟ್ ಹೋದರೆ ಅಡುಗೆಯೂ ನಿಂತಿತು.

ಅಡುಗೆಯ ವಿಷಯಕ್ಕೆ ಬಂದರೆ, ನೀರು, ಹಾಲು, ಬೇಳೆ, ಸಾರು, ಕುಕ್ಕರಿನ ಅನ್ನ ಎಲ್ಲ ಇಂಡಕ್ಷನ್ನಿನಲ್ಲಿ ಬಲು ಚೆಂದ. ದೋಸೆ ಹಾಗಲ್ಲ. ಒಳಗಿನ ಸುರುಳಿ ಅಂಗೈ ಅಗಲ ಇರುತ್ತದೆ, ಕಾವಲಿ ಅದಕ್ಕಿಂತ ದೊಡ್ಡದು, ದೋಸೆ ನಡುವೆ ಕೆಂಪಗಾಗಿ ಅಂಚು ಬಿಳಿಚಿಕೊಂಡೇ ಇರುತ್ತದೆ. ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿ ಶುರು ಮಾಡಿದರೆ ಸ್ವಲ್ಪ ಪರವಾಗಿಲ್ಲ. ಅಗ್ಗದ ಒಲೆಗಳಲ್ಲಿ ಸಿಮ್ ಅಂದರೆ ನಿಜವಾದ ಸಣ್ಣ ಉರಿ ಅಲ್ಲ, ಜೋರಾಗಿ ಹತ್ತಿ ಆರಿ, ಹತ್ತಿ ಆರಿ ಹೋಗುತ್ತದೆ. ಪಾಯಸ, ಹಾಲಿನ ಖೋವಾ ಮಾಡುವಾಗ ತಳ ಹಿಡಿಯುವುದು ಅದಕ್ಕೇ.

ಮುದ್ದೆ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಿಟ್ಟು ಕುದಿ ಬರುವವರೆಗೂ ಇಂಡಕ್ಷನ್ ಒಳ್ಳೆಯದೇ. ಆಮೇಲೆ ಕೋಲು ಹಾಕಿ ತಿರುವುವುದಕ್ಕೆ ಶುರು ಮಾಡಿ ನೋಡಿ. ನುಣ್ಣನೆ ಗಾಜಿನ ಮೇಲೆ ಪಾತ್ರೆ ಗಿರಗಿರ ಸುತ್ತುತ್ತದೆ, ಇಕ್ಕಳದಲ್ಲಿ ಹಿಡಿದರೆ ಒಲೆಯೇ ಕಟ್ಟೆಯ ಮೇಲೆ ಜಾರುತ್ತದೆ. ಪಾತ್ರೆ ಒಂದು ಚೂರು ಎತ್ತಿದರೆ ಒಲೆ ಕೀಂ ಕೀಂ ಅಂತ ಕೂಗಿ ಆರುತ್ತದೆ. ನಾಲ್ಕು ಮುದ್ದೆಯ ಹಿಟ್ಟಾದರೆ ಹೇಗೋ ಇಳಿಸಿಕೊಂಡು ನೆಲದಲ್ಲಿ ಕಾಲಿನಿಂದ ಅವುಚಿ ತಿರುವಬಹುದು, ಏಳು ಜನರ ಹಿಟ್ಟಿಗೆ ನಡುವೆ ಇನ್ನೊಂದು ಸಲ ಬೇಯಿಸಿ ಮತ್ತೆ ತಿರುವಬೇಕು. ಆ ಭಾರದ ಪಾತ್ರೆಯನ್ನು ಗಾಜಿನ ಮೇಲೆ ಎತ್ತಿ ಕುಕ್ಕುವುದು ಬೇಡ, ಗಾಜು ಸೀಳಿದರೆ ಒಲೆ ಮೂಲೆ ಸೇರಿತು. ಹಾಸನದ ಕಡೆಯವರಿಗೆ ನಾನು ಹೇಳಿದ್ದು: ಮುದ್ದೆಗೆ ಗ್ಯಾಸೋ ಸೌದೆಯೋ ಇರಲಿ, ಇಂಡಕ್ಷನ್ನಿಗೆ ಕೈ ಹಾಕಬೇಡಿ.

ಇಂಡಕ್ಷನ್ನಿಗೆ ನಾನು ಜಾಸ್ತಿ ಅಂಕ ಕೊಡುವ ಒಂದು ಕಡೆ ಇದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟಿರುವಾಗ ಗ್ಯಾಸ್ ಮುಂದೆ ನಿಲ್ಲುವುದು ಏನು ಅಂತ ನಿಂತವರಿಗೇ ಗೊತ್ತು. ಗ್ಯಾಸಿನಲ್ಲಿ ಪಾತ್ರೆಗೆ ಸೇರದ ಶೇ 40 ಶಾಖ ಹೋಗುವುದು ಅಡುಗೆಮನೆಗೇ, ಅಡುಗೆ ಮಾಡುವವರ ಮೈಗೇ. ಇಂಡಕ್ಷನ್ನಿನಲ್ಲಿ ಆ ಸೆಕೆ ಇಲ್ಲ, ಉರಿಯ ಹೊಗೆಯೂ ಇಲ್ಲ. ಇದಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟಲು ಬರುವುದಿಲ್ಲ, ಆದರೆ ಲೆಕ್ಕಕ್ಕೆ ಹಿಡಿಯಲೇಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಇನ್‌ಫ್ರಾರೆಡ್ ಒಲೆ ಇಟ್ಟು "ಯಾವ ಪಾತ್ರೆಯಾದರೂ ನಡೆಯುತ್ತೆ" ಅನ್ನುತ್ತಾರೆ. ನಿಜ, ನಡೆಯುತ್ತದೆ. ಆದರೆ ಅದು ಮೊದಲು ತಾನು ಕೆಂಪಗೆ ಕಾದು ಆಮೇಲೆ ಪಾತ್ರೆಯನ್ನು ಕಾಯಿಸುವ ಒಲೆ, ಆರಿಸಿದ ಮೇಲೂ ಗಾಜು ಸುಮಾರು ಹೊತ್ತು ಸುಡುತ್ತಿರುತ್ತದೆ, ಆ ಶಾಖವೆಲ್ಲ ನಿಮ್ಮ ಬಿಲ್ಲಿನದೇ. ಕರೆಂಟ್ ಉಳಿಸುವುದು ಉದ್ದೇಶವಾಗಿದ್ದರೆ ಬೇಡ.

ಒಲೆಗಿಂತ ಮುಚ್ಚಳ ದೊಡ್ಡದು

ಇಡೀ ಲೆಕ್ಕದಲ್ಲಿ ನನ್ನ ಕಣ್ಣು ತೆರೆಸಿದ್ದು ಇದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ತರಲು ಬೇಕಾದ ಶಾಖ 0.09 ಯುನಿಟ್ಟಿಗೂ ಕಡಿಮೆ. ಅದೇ ಒಂದು ಲೀಟರ್ ಕುದ್ದು ಪೂರ್ತಿ ಆವಿಯಾಗಲು 0.63 ಯುನಿಟ್. ಏಳು ಪಟ್ಟು! ಕುದಿ ಬಂದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ನೀರಿನ ಬಿಸಿ ಏರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಆವಿ ಮಾತ್ರ ಜಾಸ್ತಿ ಏಳುತ್ತದೆ.

ನಮ್ಮಮ್ಮ ಹುರುಳಿ ಬೇಯಿಸುವಾಗ ದೊಡ್ಡ ಪಾತ್ರೆಗೆ ಮುಚ್ಚಳ ಹಾಕುತ್ತಿರಲಿಲ್ಲ, ಉಕ್ಕಿ ಒಲೆ ಗಲೀಜಾಗುತ್ತದೆ ಅಂತ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಒಲೆ ಹಿಂದಿನ ಟೈಲ್ಸ್ ಮೇಲೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು, ಕಿಟಕಿ ಗಾಜು ಮಂಜು ಮಂಜು. ನಡುನಡುವೆ ಒಂದೊಂದು ಚೊಂಬು ನೀರು ಸುರಿಯುತ್ತಿದ್ದರು. ಆ ಟೈಲ್ಸ್ ಮೇಲೆ ಇಳಿಯುತ್ತಿದ್ದದ್ದು ಗ್ಯಾಸೇ. ಅರ್ಧ ಲೀಟರ್ ಆವಿಯಾಗಿ ಹೋದರೆ ಎರಡೂವರೆ ರೂಪಾಯಿ ಹೋಯಿತು. ದಿನಾ ಹಾಗಾದರೆ ತಿಂಗಳಿಗೆ 75 ರೂಪಾಯಿ ಮೇಲೆ, ಅದೂ ಒಂದು ಅಡುಗೆಯಿಂದ. ಒಲೆ ಬದಲಿಸಿದ್ದರಿಂದ ಸಿಕ್ಕ ಐದು ಪೈಸೆಯನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾಗಿ ನಿಮ್ಮ ಕೈಯಲ್ಲಿ ಎರಡು ಮೂರು ಸಾವಿರ ಮಾತ್ರ ಇದ್ದರೆ, ಮನೆಯ ಕುಕ್ಕರ್ ಹಳೆಯದಾಗಿ ಸುತ್ತ ಆವಿ ಸೋರುತ್ತಿದ್ದರೆ, ಮೊದಲ ಖರ್ಚು ಒಲೆಗೆ ಅಲ್ಲ. ಗ್ಯಾಸ್ಕೆಟ್ ಬದಲಿಸಿ, ಇಲ್ಲವೇ ಒಳ್ಳೆಯ ಕುಕ್ಕರ್ ತನ್ನಿ. ತರುವಾಗ ಇಂಡಕ್ಷನ್ ತಳದ್ದೇ ತನ್ನಿ, ಮುಂದೆ ಯಾವ ಒಲೆಗಾದರೂ ಬರುತ್ತದೆ. ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಇರುತ್ತದೆ, ಅದಕ್ಕೇ ಬೇಗ ಬೇಯುವುದು. ಮೊದಲ ಸೀಟಿ ಬಂದ ಕೂಡಲೇ ಉರಿ ಇಳಿಸಿ. ಸೀಟಿ ಅಂದರೆ ಜಾಸ್ತಿಯಾದ ಆವಿಯನ್ನು ಹೊರಗೆ ಎಸೆಯುವುದು, ಐದು ಸೀಟಿ ಕೂಗಿಸಿದರೆ ಐದು ಸಲ ಎಸೆದಿರಿ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಇಟ್ಟು ಆರಿಸಿ, ಒತ್ತಡ ತಾನೇ ಇಳಿಯಲಿ, ಆ ಹೊತ್ತಿನಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ. ಹುರುಳಿ, ಅಲಸಂದೆ, ಕಡಲೆಯನ್ನು ರಾತ್ರಿಯೇ ನೆನೆಹಾಕಿ. ಕೆಳಗೆ ಬೇಳೆ, ನಡುವೆ ಅನ್ನ, ಮೇಲೆ ತರಕಾರಿ ಅಂತ ಡಬ್ಬಿ ಜೋಡಿಸಿ ಒಂದೇ ಸಲ ಇಡುವ ಪದ್ಧತಿ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ, ಅದಕ್ಕಿಂತ ಅಗ್ಗದ ಅಡುಗೆ ಇಲ್ಲ.

ರೈಸ್ ಕುಕ್ಕರ್, ಕೆಟಲ್, ಮೈಕ್ರೋವೇವ್

ರೈಸ್ ಕುಕ್ಕರಿನಲ್ಲಿ ನಾಲ್ಕು ಜನರ ಅನ್ನಕ್ಕೆ ಮೂರನೇ ಒಂದು ಯುನಿಟ್ ಆಸುಪಾಸು, ಎರಡರಿಂದ ಎರಡೂವರೆ ರೂಪಾಯಿ. ಗ್ಯಾಸ್ ಮೇಲಿನ ಕುಕ್ಕರಿಗೆ ಹೋಲಿಸಿದರೆ ದುಡ್ಡು ಉಳಿಯುವುದಿಲ್ಲ, ಆದರೆ ಸ್ವಿಚ್ ಒತ್ತಿ ಸ್ನಾನಕ್ಕೆ ಹೋಗಬಹುದು. ಕೆಲಸಕ್ಕೆ ಓಡುವವರಿಗೆ, ಸೀಟಿ ಎಣಿಸುವುದು ಮರೆಯುವ ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ಅನ್ನ ಆದ ಮೇಲೆ ಅದು ವಾರ್ಮ್‌ಗೆ ಹೋಗಿ ಕರೆಂಟ್ ಎಳೆಯುತ್ತಲೇ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾಡಿ ಮಧ್ಯಾಹ್ನ ಒಂದರವರೆಗೆ ಹಾಗೇ ಬಿಟ್ಟರೆ ಅನ್ನಕ್ಕೆ ಬೇಕಾದ ಅರ್ಧದಷ್ಟು ಕರೆಂಟ್ ಸುಮ್ನೆ ಹೋಗುತ್ತದೆ. ಪ್ಲಗ್ ಕಿತ್ತು ದಪ್ಪ ಟವೆಲ್ ಸುತ್ತಿಡಿ, ಎರಡು ಗಂಟೆ ಬಿಸಿ ಉಳಿಯುತ್ತದೆ.

ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಅಂತಲೂ ಸಿಗುತ್ತದೆ. ಸುತ್ತ ಶಾಖ ತಡೆಯುವ ಗೋಡೆ ಇದೆ, ಸೀಟಿ ಇಲ್ಲ, ಒತ್ತಡ ಬಂದ ಮೇಲೆ ತಾನೇ ಆಗಾಗ ಹತ್ತಿ ಆರುತ್ತದೆ. ಕಾಳು ಬೇಯಿಸುವುದಕ್ಕೆ ಕರೆಂಟಿನ ಉಪಕರಣಗಳಲ್ಲಿ ಇದೇ ಮೇಲು. ಬೆಲೆ ಮಾತ್ರ ಇಂಡಕ್ಷನ್ನಿನ ಎರಡು ಮೂರು ಪಟ್ಟು, ಬರೀ ಉಳಿತಾಯದಿಂದ ಆ ದುಡ್ಡು ವಾಪಸ್ ಬರಲು ವರ್ಷಗಳೇ ಬೇಕು.

ಕೆಟಲ್ಲಿನಲ್ಲಿ ಒಂದು ಲೀಟರ್ ನೀರು ಕುದಿಸಲು 0.1 ಯುನಿಟ್, 70 ಪೈಸೆ. ಗ್ಯಾಸಿನಲ್ಲೂ ಅಷ್ಟೇ ಬೀಳುತ್ತದೆ. ಬೇಕಾದಷ್ಟೇ ನೀರು ತುಂಬಿ, ಒಂದು ಲೋಟಕ್ಕೆ ಒಂದು ಲೀಟರ್ ಕುದಿಸಬೇಡಿ. ಮೈಕ್ರೋವೇವ್ ಎಳೆದ ಕರೆಂಟಿನಲ್ಲಿ ಊಟಕ್ಕೆ ಮುಟ್ಟಿಸುವುದು ಹೆಚ್ಚುಕಡಿಮೆ ಅರ್ಧ. ಒಂದು ತಟ್ಟೆ ಅನ್ನ ಬಿಸಿ ಮಾಡಲು ಎರಡು ನಿಮಿಷದಲ್ಲಿ ಮುಗಿಯುತ್ತದೆ, ಬೇರೆ ಪಾತ್ರೆ ಕಾಯಬೇಕಿಲ್ಲ, ಹಾಗಾಗಿ ಅಲ್ಲಿ ಅದೇ ಅಗ್ಗ. ಲೀಟರುಗಟ್ಟಲೆ ನೀರು ಕಾಯಿಸಲು ಅಲ್ಲ.

ಮಿಕ್ಸಿ, ಗ್ರೈಂಡರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 750 ವ್ಯಾಟ್ ಅಂತ ಬರೆದಿದ್ದರೂ ಮಿಕ್ಸಿ ಓಡುವುದು ದಿನಕ್ಕೆ ಐದು ನಿಮಿಷ. ಅರ್ಧ ಗಂಟೆ ಗ್ರೈಂಡರ್ ಓಡಿದರೂ ಅರ್ಧ ರೂಪಾಯಿ. ಕಾಯಿ ರುಬ್ಬುವುದರಲ್ಲಿ ಜಿಪುಣತನ ಮಾಡಿ ಏನೂ ಉಳಿಯುವುದಿಲ್ಲ. ದಿನವಿಡೀ ಓಡುವ ಫ್ರಿಜ್ ನೋಡಿ, ಅದರ ಸ್ಟಾರ್ ಲೇಬಲ್ಲಿನ ಮೇಲೆ ವರ್ಷಕ್ಕೆ ಎಷ್ಟು ಯುನಿಟ್ ಅಂತಲೇ ಬರೆದಿರುತ್ತದೆ. ಒಲೆ ಪಕ್ಕ ಇಡಬೇಡಿ, ಬಿಸಿ ಸಾಂಬಾರ್ ಒಳಗಿಡಬೇಡಿ.

ಸೌದೆ ಒಲೆ ಇರುವ ಮನೆಗೆ

ಹಳ್ಳಿಮನೆಗಳಲ್ಲಿ ಸ್ನಾನದ ಹಂಡೆಗೆ, ಹಬ್ಬದ ಅಡುಗೆಗೆ ಈಗಲೂ ಸೌದೆಯೇ. ತೋಟದ ಗರಿ, ಮಟ್ಟೆ, ಚಿಪ್ಪು ಬಿಟ್ಟಿ ಸಿಗುವಾಗ ಅದನ್ನು ಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲು, ಉಳಿದದ್ದು ಗಾಳಿಗೆ, ಹೊಗೆಯೆಲ್ಲ ಊದುವವರ ಎದೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ಅನ್ನುವ ತಂಡ ಮಾಡಿದ ಅಸ್ತ್ರ ಒಲೆ ಇದಕ್ಕೇ ಹುಟ್ಟಿದ್ದು. ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ, ಸೌದೆ ಅರ್ಧಕ್ಕಿಂತ ಕಡಿಮೆ ಸಾಕು. ಕಟ್ಟಲು ಬಲ್ಲವರು ನಿಮ್ಮ ಕಡೆ ಇದ್ದರೆ ಇಂಡಕ್ಷನ್ ದುಡ್ಡನ್ನು ಇದಕ್ಕೆ ಹಾಕಿ.

ಹಾಗಾದರೆ ಯಾರಿಗೆ ಯಾವುದು

ಬಾಡಿಗೆ ಮನೆಯ ಆ ಹುಡುಗನಿಗೆ ಹೇಳಿದ್ದು: ಒಂದು ಇಂಡಕ್ಷನ್, ಒಂದು ಮೂರು ಲೀಟರಿನ ಇಂಡಕ್ಷನ್ ತಳದ ಕುಕ್ಕರ್, ಒಂದು ಚಪ್ಪಟೆ ಬಾಣಲೆ. ಗ್ಯಾಸ್ ಸಂಪರ್ಕ, ಒಲೆ, ಡಿಪಾಸಿಟ್ ಅಂತ ದುಡ್ಡು ಕಟ್ಟಬೇಕಾಗಿಲ್ಲ, ಮನೆ ಬದಲಿಸುವಾಗ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. 5 ಕೆ.ಜಿ.ಯ ಸಣ್ಣ ಸಿಲಿಂಡರ್ ಸುಲಭವಾಗಿ ಸಿಗುತ್ತದೆ, ಆದರೆ ಕೆ.ಜಿ. ಲೆಕ್ಕದಲ್ಲಿ ಮನೆ ಸಿಲಿಂಡರಿಗಿಂತ ದುಬಾರಿ.

ನಾಲ್ಕು ಜನರ ಪೇಟೆ ಮನೆ, ಗ್ಯಾಸ್ ಈಗಾಗಲೇ ಇದೆ ಅಂದರೆ ಗ್ಯಾಸ್ ಬಿಡಬೇಡಿ. ಎರಡನೇ ಒಲೆಯಾಗಿ ಒಂದು ಇಂಡಕ್ಷನ್ ಇರಲಿ, ನೀರು, ಹಾಲು, ಕುಕ್ಕರ್ ಅದಕ್ಕೆ, ರೊಟ್ಟಿ, ದೋಸೆ, ಒಗ್ಗರಣೆ ಗ್ಯಾಸಿಗೆ. ಸಿಲಿಂಡರ್ ಮುಗಿದು ಬರುವುದು ತಡವಾದರೂ ಪರದಾಟ ಇಲ್ಲ. ಗೃಹಜ್ಯೋತಿ ಇದ್ದರೆ ಮಿತಿಯೊಳಗೆ ಉಳಿದ ಯುನಿಟ್ಟುಗಳಷ್ಟೇ ಇಂಡಕ್ಷನ್ನಿಗೆ. ಉಜ್ವಲಾ ಮನೆ, ಮುದ್ದೆ ಮನೆ, ಕರೆಂಟ್ ಆಗಾಗ ಕೈಕೊಡುವ ಊರು ಆದರೆ ಗ್ಯಾಸ್ ಮತ್ತು ಒಳ್ಳೆಯ ಕುಕ್ಕರ್, ಅಷ್ಟು ಸಾಕು. ವಯಸ್ಸಾದ ಇಬ್ಬರೇ ಇರುವ ಮನೆಗೆ ರೈಸ್ ಕುಕ್ಕರ್, ಕೆಟಲ್ ತಂದುಕೊಡಿ, ಗ್ಯಾಸ್ ಆರಿಸಲು ಮರೆಯುವ ಭಯ ಅರ್ಧ ಹೋಗುತ್ತದೆ.

ನನ್ನ ಲೆಕ್ಕ ನಂಬುವ ಮೊದಲು ಒಂದು ವಾರ ನೀವೇ ಅಳೆಯಿರಿ. ಸಿಲಿಂಡರಿನ ಕುತ್ತಿಗೆ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ, ಸೋಮವಾರ ಒಮ್ಮೆ, ಮುಂದಿನ ಸೋಮವಾರ ಒಮ್ಮೆ ತೂಗಿದರೆ ವಾರಕ್ಕೆ ಎಷ್ಟು ಉರಿಯಿತು ಗೊತ್ತಾಗುತ್ತದೆ. ಇಂಡಕ್ಷನ್ ತಂದ ಮೇಲೆ, ಬಿಲ್ ಬರೆಯುವವರು ಬಂದು ಹೋದ ದಿನಾಂಕ ಮತ್ತು ಅವತ್ತಿನ ಮೀಟರ್ ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಇಪ್ಪತ್ತನೇ ದಿನಕ್ಕೆ ಒಮ್ಮೆ ಹೋಗಿ ಮೀಟರ್ ನೋಡಿ. ಮಿತಿ ಹತ್ತಿರ ಬಂದಿದ್ದರೆ ಉಳಿದ ಹತ್ತು ದಿನ ಕುಕ್ಕರನ್ನು ಗ್ಯಾಸಿಗೆ ಎತ್ತಿಡಿ.